ಅಂಬುಜಕ್ಕನ ಟಿವಿಯಲ್ಲಿ ಧಾರೆ ಸೀರೆ

ಟಿವಿ ನೇತುಹಾಕಿದವನೇ ಅದರೊಳಗೆ ಕಾಣುವ ಮುಖಗಳಿಗೂ ಜವಾಬ್ದಾರ ಎಂದು ನಮ್ಮ ಕೂಟಗಲ್ ಕಡೆಯ ಜನ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾನು ಡಿಶ್ ಕೂರಿಸುವವನು. ಗೋಡೆಗೆ ತೂತು ಕೊರೆದು, ಸ್ಟ್ಯಾಂಡು ಬಿಗಿದು, ಟಿವಿ ನೇತುಹಾಕಿ, ಚಿತ್ರ ಬಂತಾ ಎಂದು ಕೇಳಿ, ಬಂತು ಎಂದಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವುದು ನನ್ನ ಕೆಲಸ. ಹೊರಡಲು ಬಿಟ್ಟರೆ ತಾನೇ? ಧಾರಾವಾಹಿಯ ಹೆಂಗಸಿನ ಮೂಗು ಕೆಂಪಗೆ ಕಂಡರೆ ಫೋನು ನನಗೆ. ಕ್ರಿಕೆಟ್ ಮೈದಾನದ ಹುಲ್ಲು ತಮ್ಮ ಬದುವಿನ ಹುಲ್ಲಿಗಿಂತ ಹಸಿರಾಗಿದ್ದರೂ ಫೋನು ನನಗೇ. ಅದಕ್ಕೆ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ: ಟಿವಿ ಅಂಗಡಿಯಿಂದ ಹೇಗೆ ಬಂತೋ ಹಾಗೇ ಇರಲಿ, ಬಣ್ಣದ ತಂಟೆಗೆ ಹೋಗಬಾರದು. ಒಂದು ಸಲ ಕೈಹಾಕಿದರೆ ಆ ಮನೆಯವರ ಕಾಟ ಜನ್ಮಕ್ಕೂ ತಪ್ಪುವುದಿಲ್ಲ.

ಆ ಪದ್ಧತಿ ಮುರಿದದ್ದು ಅಂಬುಜಕ್ಕನ ಮನೆಯಲ್ಲಿ.

ಅಂಬುಜಕ್ಕ ನಮ್ಮ ಬೀದಿಯ ಕೊನೆಯ ಮನೆಯವಳು, ಮುನಿಯಪ್ಪ ಭಾವನ ಹೆಂಡತಿ. ಅಕ್ಕ ಭಾವ ಎಂದರೆ ಒಡಹುಟ್ಟಿದ ಸಂಬಂಧವಲ್ಲ, ಊರಿನ ವರಸೆ ಅಷ್ಟೆ. ರೇಷ್ಮೆ ಹುಳು ಸಾಕುವುದರಲ್ಲಿ ತನ್ನ ಸಮ ಇನ್ನೊಬ್ಬರಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಾಳೆ, ಊರೂ ಇಲ್ಲವೆನ್ನುವುದಿಲ್ಲ. ಹುಳು ಹಣ್ಣಾಯಿತೋ ಇಲ್ಲವೋ, ಎಂದರೆ ಗೂಡು ಕಟ್ಟಲು ತಯಾರಾಯಿತೋ ಇಲ್ಲವೋ ಎಂಬುದನ್ನು ಬೇರೆಯವರು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಾರೆ. ಇವಳು ಬಾಗಿಲಲ್ಲಿ ನಿಂತೇ ಹೇಳುತ್ತಾಳೆ. ಹುಳುವಿನ ಮೈಗೆ ಹಳದಿ ಇಳಿಯುವ ಗಳಿಗೆ ಅವಳ ಕಣ್ಣಿಗೆ ತಪ್ಪಿದ್ದೇ ಇಲ್ಲ. ಇದರಿಂದ ಆದ ಅನಾಹುತವೆಂದರೆ ಅವಳಿಗೆ ತನ್ನ ಕಣ್ಣಿನ ಮೇಲೆ ಮಿತಿಮೀರಿದ ನಂಬಿಕೆ ಬಂದುಬಿಟ್ಟದ್ದು. ಹಸುವಿನ ಕಾಯಿಲೆ, ಹಾಲಿಗೆ ಬೆರೆಸಿದ ನೀರು, ನೆಂಟರ ಮನಸ್ಸು, ಎಲ್ಲವನ್ನೂ ಬಣ್ಣ ನೋಡಿಯೇ ತೀರ್ಪು ಕೊಡುತ್ತಾಳೆ. ಬೇರೆ ಮಾತಾಡಿದಿರೋ, "ನನ್ ಕಣ್ಣೇನ್ ತೂತ್ ಬಿದ್ದೋಗೈತೇನ್ಲಾ?" ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ಉತ್ತರ ಕೊಟ್ಟು ಗೆದ್ದವರನ್ನು ನಾನು ನೋಡಿಲ್ಲ.

ಅವರ ಮನೆಯ ಅರ್ಧ ಭಾಗ ಹುಳುಮನೆ. ಪಡಸಾಲೆಗೂ ಅದಕ್ಕೂ ನಡುವೆ ಸೊಳ್ಳೆಪರದೆ ಹೊಡೆದ ಒಂದು ಬಾಗಿಲು, ಹೊಸಿಲಲ್ಲಿ ಸುಣ್ಣದ ಪುಡಿ. ಒಳಗೆ ಹೋಗುವವರು ಅವಳು, ಮುನಿಯಪ್ಪ ಭಾವ, ಮಗ ಬಾಲರಾಜು, ಅಷ್ಟೇ. ಹೊರಗಿನವರ ಕಾಲು ತಗುಲಿದರೆ ಹುಳುವಿಗೆ ರೋಗ, ಸೆಂಟಿನ ವಾಸನೆ ಬಂದರೆ ಸೊಪ್ಪು ತಿನ್ನುವುದನ್ನು ಬಿಡುತ್ತದೆ ಎಂದು ಸ್ವಂತ ತಂಗಿಯನ್ನೂ ಅತ್ತ ಸುಳಿಯಗೊಡುತ್ತಿರಲಿಲ್ಲ. ಬಾಲರಾಜುವನ್ನು ಮದುವೆಯಾಗಿ ಬಂದ ರಮ್ಯಾಳನ್ನೂ ಒಳಗೆ ಬಿಟ್ಟಿರಲಿಲ್ಲ. "ಅವ್ಳಿಗಿನ್ನೂ ಈ ಮನೆ ವಾಸ್ನೆ ಹತ್ತಿಲ್ಲ, ಒಸಿ ದಿನ ಹೋಗ್ಲಿ" ಎಂದಿದ್ದಳಂತೆ.

ಇನ್ನು ಸೀರೆಯ ವಿಷಯ. ನಮ್ಮಲ್ಲಿ ಧಾರೆ ಸೀರೆ ಕೊಡುವುದು ಗಂಡಿನ ಕಡೆಯವರು. ಅಂಬುಜಕ್ಕ ಅದನ್ನು ಅಂಗಡಿಯಿಂದ ತರಲಿಲ್ಲ. ತಾನು ಬೆಳೆದ ಗೂಡುಗಳಲ್ಲಿ ಚೆಂದದವನ್ನು ಮಾರುಕಟ್ಟೆಗೆ ಕಳಿಸದೆ ಎತ್ತಿಟ್ಟು, ರಾಮನಗರದ ಗಫಾರ್ ಸಾಬರ ಹತ್ತಿರ ನೂಲು ತೆಗೆಸಿದಳು. ನೂಲಿಗೆ ಬಣ್ಣ ಹಾಕುವವನ ಕೈಗೆ ಒಂದು ಗೂಡನ್ನಿಟ್ಟು, "ಇದೇ ಬಣ್ಣ ಬರ್ಬೇಕು, ಒಸಿನೂ ಆಚೀಚೆ ಆಗ್ಬಾರ್ದು" ಅಂದಳು. ಆ ಬಡಪಾಯಿ ಬಣ್ಣ ಹಾಕಿ ಹಾಕಿ ತೋರಿಸಿದ, ಇವಳು ಬ್ಯಾಡ ಬ್ಯಾಡ ಎಂದು ವಾಪಸು ಕಳಿಸಿದಳು. ಕಡೆಗೆ ನೇಯ್ದು ಬಂದದ್ದು ಗಟ್ಟಿ ಹೊಂಬಣ್ಣದ ಸೀರೆ, ಮರೂನ್ ಅಂಚು. ಮದುವೆಗೆ ಮೊದಲು ಅದನ್ನು ಬೀದಿಯವರೆಲ್ಲ ನೋಡಿದೆವು. ಬದುಕಿಡೀ ಅವಳು ಸಾಕಿದ ಹುಳುವಿನ ರೇಷ್ಮೆ ಯಾರ್ಯಾರದೋ ಮೈಮೇಲೆ ಹೋಗಿತ್ತು. ತನ್ನ ಮನೆಯವರ ಮೈಮೇಲೆ ಬರಲಿದ್ದದ್ದು ಇದೊಂದೇ. ಅಂಬುಜಕ್ಕನ ಬೇರೆ ಹುಚ್ಚುಗಳನ್ನೆಲ್ಲ ನಾನು ಆಡಿಕೊಂಡು ನಕ್ಕಿದ್ದೇನೆ. ಇದನ್ನು ನಗಲಾರೆ.

ಆದರೆ ಆ ಸೀರೆ ಉಟ್ಟ ಸೊಸೆಯನ್ನು ಅವಳು ಕಣ್ಣಾರೆ ನೋಡಲಿಲ್ಲ. ಅವರ ಮನೆತನದಲ್ಲಿ ಗಂಡಿನ ತಾಯಿ ಧಾರೆ ನೋಡುವಂತಿಲ್ಲ. ಮುಹೂರ್ತ ಮುಗಿಯುವ ತನಕ ಛತ್ರದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಹೊರಗೆ ಬರುವ ಹೊತ್ತಿಗೆ ಹುಡುಗಿ ಆರತಕ್ಷತೆಯ ಸೀರೆಗೆ ಬದಲಾಗಿದ್ದಳು. ವಿಡಿಯೋ ಬರಲಿ, ಅದರಲ್ಲಿ ಕಣ್ತುಂಬ ನೋಡುತ್ತೇನೆ ಎಂದು ಕಾಯುತ್ತಿದ್ದಳು.

ಆಷಾಢಕ್ಕೆ ರಮ್ಯಾ ಮರಳವಾಡಿಯ ತವರಿಗೆ ಹೋದಳು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿರಬಾರದು ಎಂಬುದು ರೂಢಿ. ಧಾರೆ ಸೀರೆಯೂ ಅವಳ ಪೆಟ್ಟಿಗೆಯಲ್ಲೇ ಹೋಯಿತು. ಅವಳು ಅತ್ತ ಹೋದದ್ದೇ ಇತ್ತ ಮನೆಗೆ ಗೋಡೆಯಗಲದ ಹೊಸ ಟಿವಿ ಬಂತು. ಅದರ ಹಿಂದೆಯೇ ಮದುವೆ ವಿಡಿಯೋದ ಪೆನ್‌ಡ್ರೈವ್ ಬಂತು. ವಿಡಿಯೋ ತೆಗೆದವನು ಅದೇ ಗಫಾರ್ ಸಾಬರ ಮಗ, ರಾಮನಗರದಲ್ಲಿ ಸ್ಟುಡಿಯೋ ಇಟ್ಟಿರುವ ಸುಹೇಲ್. ನಾನು ಟಿವಿ ಬಿಗಿದು ಕೆಳಗಿಳಿದು ಕಾಫಿ ಲೋಟ ಹಿಡಿಯುವಷ್ಟರಲ್ಲಿ ಅಂಬುಜಕ್ಕ ಬೀದಿಯ ಹೆಂಗಸರನ್ನೂ ದೊಡ್ಡಆಲಹಳ್ಳಿಯಿಂದ ಬಂದಿದ್ದ ತನ್ನ ತಂಗಿಯನ್ನೂ ಚಾಪೆ ಹಾಕಿ ಕೂರಿಸಿ ಆಗಿತ್ತು.

ಚಪ್ಪರ ಬಂತು, ವಾದ್ಯ ಬಂತು, ಮದುಮಗಳು ಸೀರೆ ಬದಲಿಸಿಕೊಂಡು ಮಂಟಪಕ್ಕೆ ಬಂದಳು. ಅಲ್ಲಿ ಕಂಡ ಸೀರೆ ಹೊಂಬಣ್ಣದ್ದಾಗಿರಲಿಲ್ಲ. ತೆಳ್ಳಗಿನ ನಿಂಬೆ ಬಣ್ಣ, ಒಗೆದೊಗೆದು ಬಿಸಿಲಿಗೆ ಹಾಕಿದಂಥದ್ದು. ಸುಮ್ಮನಿರಲಾರದ ತಂಗಿ ಬಾಯಿಬಿಟ್ಟಳು.

"ಅಕ್ಕಯ್ಯ, ನೀನ್ ನಮ್ಗೆಲ್ಲ ತೋರ್ಸಿದ್ ಸೀರೆ ಇದಲ್ವಲ್ಲೇ?"

ಅಂಬುಜಕ್ಕ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು. ತಿರುಗಿದಾಗ ಅವಳ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಅವಮಾನ.

"ನಮ್ ಹುಳಿನ್ ಸೀರೆ ಉಡಕ್ಕೆ ನಾಚ್ಕೆ ಆಗೈತೆ ಅವ್ರಿಗೆ. ಅಂಗ್ಡೀದ್ ತಂದ್ ಉಡ್ಸವ್ರೆ."

ಬಾಲರಾಜುವನ್ನು ಕೇಳಿದಳು. ಪಕ್ಕದಲ್ಲೇ ಕೂತಿದ್ದ ಮದುಮಗ ಅವನು. "ಹಳ್ದಿ ಸೀರೆ ಕಣವ್ವ" ಎಂದನೇ ಹೊರತು ಎಂಥ ಹಳದಿ ಎಂದು ಹೇಳಲು ಅವನಿಗಾಗಲಿಲ್ಲ. ಮುನಿಯಪ್ಪ ಭಾವನನ್ನು ಕೇಳಿದಳು. "ನಾನು ಪುರೋಯಿತ್ರು ಬಾಯಿ ನೋಡ್ತಿದ್ದೆ" ಅಂದ. ನನ್ನ ಕಡೆ ತಿರುಗಿದಳು. ಧಾರೆಯ ಹೊತ್ತಿಗೆ ನಾನು ಊಟದ ಹಾಲಿನ ಬಾಗಿಲು ಕಾಯುತ್ತಿದ್ದೆ, ಹಾಗೆ ಕಾಯುತ್ತಿದ್ದವನು ನಾನೊಬ್ಬನೇ ಅಲ್ಲ. ಅಷ್ಟು ಜನ ಸೇರಿದ ಮದುವೆಯಲ್ಲಿ ಮದುಮಗಳ ಸೀರೆ ಯಾವುದೆಂದು ಆಣೆ ಮಾಡಿ ಹೇಳುವ ಗಂಡಸು ಒಬ್ಬನೂ ಇರಲಿಲ್ಲ. ಹೆಂಗಸರನ್ನು ಕೇಳಿದರೆ ಒಬ್ಬಳು ಇದೇ ಎಂದಳು, ಇನ್ನೊಬ್ಬಳು ಅದಲ್ಲ ಎಂದಳು, ಇಬ್ಬರೂ ಜಗಳಕ್ಕೆ ಬಿದ್ದರು.

ಅಲ್ಲೇ ನಿಂತು ಅಂಬುಜಕ್ಕ ಮರಳವಾಡಿಗೆ ಫೋನು ಮಾಡಿದಳು. ರಮ್ಯಾಳ ತಂದೆ ಚೆಲುವಯ್ಯ ಎತ್ತಿದರು. ಸೀರೆಯ ವಿಷಯ ಇತ್ಯರ್ಥವಾಗದೆ ಹುಡುಗಿಯನ್ನು ಕಳಿಸುವುದು ಬೇಡ ಎಂದು ಹೇಳಿ ಇಟ್ಟುಬಿಟ್ಟಳು.

ಮಾರನೆಯ ದಿನ ಬಾಲರಾಜು ನನ್ನ ಅಂಗಡಿಗೆ ಬಂದ. ಮುಖ ನೋಡುವಂತಿರಲಿಲ್ಲ.

"ಸ್ವಾಮಣ್ಣ, ಆ ಟಿವಿ ಬಣ್ಣ ಒಸಿ ಸರಿ ಮಾಡ್ಕೊಡು. ಇಲ್ಲಾಂದ್ರೆ ನನ್ ಸಂಸಾರ ಇಲ್ಲಿಗೇ ಮುಗೀತು."

"ಅದು ಅಂಗ್ಡಿ ಬಣ್ಣ ಕಣ್ಲಾ. ಅಂಗ್ಡೀಲಿ ಕಣ್ ಕುಕ್ಲಿ ಅಂತ ನೀಲಿ ಹೊಡ್ದು ಬೆಳಕು ಜಾಸ್ತಿ ಮಾಡಿರ್ತಾರೆ. ಅದ್ರಲ್ಲಿ ಹಳ್ದಿ ಹಳ್ದಿಯಂಗೆ ಎಲ್ ಕಂಡಾತು? ಈ ಮಾತ್ನ ನಿಮ್ಮವ್ವಂಗೆ ಹೇಳು."

"ಹೇಳ್ದೆ. ಟಿವಿ ಮುಟ್ಟಿದ್ರೆ ಕೈ ಮುರೀತೀನಿ ಅಂದ್ಳು."

ನಾನೇ ಹೋಗಿ ಹೇಳಿದೆ. ಅಂಬುಜಕ್ಕನ ಹತ್ತಿರ ಉತ್ತರ ಸಿದ್ಧವಾಗಿತ್ತು. ಟಿವಿ ಕೆಟ್ಟಿದ್ದರೆ ಎಲ್ಲವೂ ಕೆಟ್ಟು ಕಾಣಬೇಕಲ್ಲ? ಹುಡುಗಿಯ ಮುಖ ಎಷ್ಟು ಚೆನ್ನಾಗಿ ಕಾಣುತ್ತಿದೆ, ಬಾಳೆಕಂಬ ಹಸಿರಾಗಿಯೇ ಇದೆ, ಸೀರೆ ಒಂದೇ ಬೇರೆಯಾಗಿ ಯಾಕೆ ಕಾಣಬೇಕು? "ಅವ್ರ್ ಮಾಡಿರೋ ಮೋಸ ಮುಚ್ಚಾಕಕ್ಕೆ ನೀನ್ ಟಿವಿ ತಿರುಗ್ಸಕ್ ಬಂದಿದ್ದೀಯೇನ್ಲಾ? ಅದು ಹೆಂಗೈತೋ ಹಂಗೇ ಇರ್ಲಿ. ಅದೇ ನಂಗ್ ಸಾಕ್ಷಿ." ಬಣ್ಣಕ್ಕೆ ಕೈಹಾಕಬಾರದೆಂಬ ನನ್ನದೇ ಪದ್ಧತಿಯನ್ನು ಅವಳು ನನ್ನ ಮೇಲೇ ತಿರುಗಿಸಿದ್ದಳು. ತಲೆ ಚಚ್ಚಿಕೊಳ್ಳುವಂತಾಯಿತು.

ಶ್ರಾವಣ ಬಂತು. ಕಳಿಸಬೇಡಿ ಅಂದರೂ ಚೆಲುವಯ್ಯ ಸೀರೆಯನ್ನು ಹಿಡಿದು ಮಗಳನ್ನು ಕರೆದುಕೊಂಡು ಬಂದರು. ತಲೆತಗ್ಗಿಸಿ ನಡೆಯುವ ಸಾಧು ಮನುಷ್ಯ. ಬಾಲರಾಜು ನನ್ನನ್ನೂ ಕರೆಸಿದ, ಸುಹೇಲನಿಗೂ ಫೋನು ಮಾಡಿದ. ಹುಳು ಆಗ ನಾಲ್ಕನೇ ಜ್ವರ ಎದ್ದು ಸೊಪ್ಪನ್ನು ಗಬಗಬ ಮೇಯುವ ಹಂತದಲ್ಲಿತ್ತು. ರೇಷ್ಮೆ ಹುಳು ಪೊರೆ ಬಿಡಲು ಸುಮ್ಮನೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅಂಬುಜಕ್ಕನ ಎದುರು ಜೋರಾಗಿ ಕೆಮ್ಮುವುದೂ ಕಷ್ಟ. ಬೀಗರು ಬಂದು ಪಡಸಾಲೆಯಲ್ಲಿ ಕೂತು ಎಷ್ಟೋ ಹೊತ್ತಾದರೂ ಒಂದು ಲೋಟ ನೀರು ಹೊರಗೆ ಬರಲಿಲ್ಲ. ನಮ್ಮ ಕಡೆ ಶತ್ರು ಬಂದರೂ ನೀರು ಕೊಡುತ್ತೇವೆ. ನನಗೆ ನಾಚಿಕೆಯಾಗಿ ನಾನೇ ಎದ್ದು ತರೋಣವೆಂದರೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಚೆಲುವಯ್ಯ ಸೀರೆಯನ್ನು ತೆಗೆದು ಚಾಪೆಯ ಮೇಲಿಟ್ಟರು. ಅಂಬುಜಕ್ಕ ಮುಟ್ಟಿ ನೋಡಿದಳು. ಅವಳದೇ ಸೀರೆ. ಅದರಲ್ಲಿ ಅನುಮಾನವೇ ಇರಲಿಲ್ಲ. ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವಳು ಮಡಿಕೆಗಳನ್ನು ಬಿಡಿಸಿ ತೋರಿಸಿದಳು.

"ನೋಡ್ರಪ್ಪಾ, ಒಂದ್ ಕುಂಕ್ಮದ ಕಲೆ ಇಲ್ಲ, ಒಂದ್ ಅರಿಶಿಣದ ಬೊಟ್ಟಿಲ್ಲ. ಧಾರೇಲಿ ಉಟ್ಟಿದ್ ಸೀರೆ ಹಿಂಗಿರ್ತದಾ? ಮುಟ್ಟೇ ಇಲ್ಲ ಇದ್ನ!"

"ಡ್ರೈವಾಶ್ ಮಾಡ್ಸಿದ್ದೆ ಅತ್ತೆ, ಕನಕಪುರದಲ್ಲಿ" ಎಂದಳು ರಮ್ಯಾ. "ನೀವು ಅಷ್ಟ್ ಆಸೆಯಿಂದ ಮಾಡ್ಸಿದ್ ಸೀರೆ, ಕಲೆ ಕೂತ್ಕೊಂಡ್ ಬುಟ್ಟಾತು ಅಂತ."

ಹುಡುಗಿ ಜೋಪಾನ ಮಾಡಿದ್ದೇ ತಪ್ಪಾಯಿತು. ಸೀರೆ ತರದಿದ್ದರೆ ಬಚ್ಚಿಟ್ಟರು ಅನ್ನುತ್ತಿದ್ದಳು, ತಂದದ್ದಕ್ಕೆ ಉಡಲೇ ಇಲ್ಲ ಅನ್ನುತ್ತಿದ್ದಾಳೆ. ಇಂಥವಳ ಜೊತೆ ವಾದ ಮಾಡುವುದು ಹೇಗೆ? ಬಾಲರಾಜು ಗೋಡೆಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ. ಹೆಂಡತಿಯ ಪರವಾಗಿ ಒಂದು ಮಾತಾದರೂ ಆಡುತ್ತಾನೇನೋ ಎಂದು ನೋಡಿದೆ. ಇಲ್ಲ, ಇನ್ನೊಂದು ಉಗುರಿಗೆ ಹೋದ. ಅವನಿಗೆ ಎರಡು ಬಿಡಬೇಕೆನಿಸಿತು.

ಮೂಲೆಯಲ್ಲಿ ಕೂತು ವಿಡಿಯೋ ನೋಡುತ್ತಿದ್ದ ಮುನಿಯಪ್ಪ ಭಾವ ಆಗ ಬಾಯಿಬಿಟ್ಟ. ಆ ಮನೆಯಲ್ಲಿ ಅವನು ಬಾಯಿ ಬಿಡುವುದೇ ಅಪರೂಪ.

"ಲೇ ಅಂಬುಜಿ, ಅಕ್ಷತೆಗೆ ಅರಿಶಿಣ ಕಲ್ಸಿದ್ದು ನೀನೇ ಅಲ್ವಾ?"

"ಇನ್ಯಾರು? ಒಳ್ಳೆ ಗಟ್ಟಿಯಾಗೇ ಕಲ್ಸಿದ್ದೆ."

"ಅಲ್ನೋಡು. ಎಲ್ರೂ ಬರೀ ಅಕ್ಕಿ ಹಾಕ್ತಾವ್ರೆ."

ಎಲ್ಲರೂ ಟಿವಿ ನೋಡಿದೆವು. ಹುಡುಗ ಹುಡುಗಿಯ ತಲೆಯ ಮೇಲೆ ಬೀಳುತ್ತಿದ್ದ ಅಕ್ಷತೆ ಹೆಚ್ಚುಕಡಿಮೆ ಬೆಳ್ಳಗಿತ್ತು. ಬೀಗರ ಸೀರೆಯನ್ನು ಅಂಬುಜಕ್ಕ ಅನುಮಾನಿಸಬಲ್ಲಳು, ತಾನೇ ಕಲಸಿದ ಅಕ್ಷತೆಯನ್ನು ಹೇಗೆ ಅನುಮಾನಿಸುವುದು? ನನ್ನ ಕಡೆ ತಿರುಗಿದಳು.

"ತಿರುಗ್ಸು ಮತ್ತೆ. ಅದೇನ್ ತಿರುಗುಸ್ತೀಯೋ ನೋಡ್ತೀನಿ."

ರಿಮೋಟ್ ಹಿಡಿದೆ. ಟಿವಿ ಅಂಗಡಿಯಿಂದ ಬಂದ ವಿವಿಡ್ ಎಂಬ ಕಣ್ಣುಕುಕ್ಕುವ ಬಣ್ಣದಲ್ಲೇ ಇತ್ತು. ಸ್ಟ್ಯಾಂಡರ್ಡ್‌ಗೆ ಹಾಕಿದೆ. ನಿಂಬೆ ಬಣ್ಣ ಒಂದಿಷ್ಟು ಬಾಳೆಹಣ್ಣಿನ ಕಡೆಗೆ ಬಂತು. ಸಿನಿಮಾ ಎಂಬುದಕ್ಕೆ ಹಾಕಿದೆ. ಇಡೀ ಮದುವೆ ಸಂಜೆಗತ್ತಲೆಯಲ್ಲಿ ನಡೆದಂತೆ ಕಂಡಿತು. ಅಂಬುಜಕ್ಕ ಸೀರೆ ಎತ್ತಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು, ಒಂದು ಬಣ್ಣ. ಹುಳುಮನೆಯ ಬಾಗಿಲಿನ ಹಳೆಯ ಬಲ್ಬಿಗೆ ಹಿಡಿದಳು, ಇನ್ನೊಂದು ಬಣ್ಣ. "ಬಿಸ್ಲಲ್ ಕಂಡಿದ್ದೇ ದಿಟ" ಎಂದು ಅಂಗಳಕ್ಕೆ ಓಡಿದಳು. ಅಲ್ಲಿ ಸೀರೆ ನೋಡಿ, ಒಳಗೆ ಓಡಿಬಂದು ಟಿವಿ ನೋಡಿ, "ಏನ್ಲಾ, ಎಲ್ಲಾ ಕಪ್ಪಗೈತೆ!" ಎಂದಳು.

"ಬಿಸ್ಲಿಂದ ಬಂದ್ ಕಣ್ಗೆ ಇನ್ನೇನ್ ಕಂಡಾತಕ್ಕ? ಒಂದ್ ಕಡೆ ನಿಂತ್ಕೋ ನೀನು!"

"ನನ್ ಕಣ್ಣೇನ್ ತೂತ್ ಬಿದ್ದೋಗೈತೇನ್ಲಾ?"

ಮತ್ತೆ ಅದೇ. ಅಷ್ಟರಲ್ಲಿ ಸುಹೇಲನ ಬೈಕು ಅಂಗಳಕ್ಕೆ ಬಂತು. ಅವನು ಸೆಂಟು ಪೂಸಿಕೊಂಡು ಬಂದಿದ್ದ. ಅಂಬುಜಕ್ಕ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಲ್ಲಪ್ಪ ಸುಹೇಲು! ಹುಳ ಐತೆ ಒಳ್ಗೆ. ಕಿಟ್ಕಿ ಹತ್ರ ಹೋಗು."

ಹೀಗಾಗಿ ಸುಹೇಲ್ ಕಿಟಕಿಯ ಸರಳಿಗೆ ಮುಖ ಒತ್ತಿ ಹೊರಗಿನಿಂದ ಹೇಳುವುದು, ನಾನು ಒಳಗೆ ಒತ್ತುವುದು ಎಂದಾಯಿತು. ವಾರ್ಮ್ ಮಾಡಿ ಅಣ್ಣ ಅಂದ, ಮಾಡಿದೆ. ಬ್ಯಾಕ್‌ಲೈಟ್ ಇಳಿಸಿ ಅಂದ, ಇಳಿಸಿದೆ. ಕಲರ್ ಒಸಿ ಏರಿಸಿ ಅಂದ, ಏರಿಸಿದೆ. ಪ್ರತಿಯೊಂದಕ್ಕೂ ಅಂಬುಜಕ್ಕ ಸೀರೆ ಹಿಡಿದು ಅಂಗಳಕ್ಕೂ ಪಡಸಾಲೆಗೂ ಓಡಾಡುತ್ತಲೇ ಇದ್ದಳು. ನೋಡಿ ನೋಡಿ ಸಾಕಾಗಿ ರಮ್ಯಾ ಎದ್ದಳು. ಬೀದಿ ಬಾಗಿಲನ್ನು ಪೂರ್ತಿ ತೆರೆದಳು. ಅತ್ತೆಯ ಕೈಯಿಂದ ಸೀರೆ ತೆಗೆದುಕೊಂಡು, ಸೆರಗನ್ನು ತನ್ನ ಹೆಗಲ ಮೇಲೆ ಹೊದ್ದು, ಹೊರಗಿನ ಬೆಳಕು ಬೀಳುವ ಹಾಗೆ ಟಿವಿಯ ಪಕ್ಕದಲ್ಲೇ ನಿಂತುಕೊಂಡಳು.

"ಅತ್ತೆ, ನೀವು ಕೂತ್ಕೊಂಡೇ ಎರಡೂ ನೋಡಿ. ಸ್ವಾಮಣ್ಣ, ನೀವು ತಿರುಗ್ಸಿ."

ಚಿತ್ರವನ್ನು ಅವಳು ಮಣೆಯ ಮೇಲೆ ಕೂತ ಜಾಗದಲ್ಲಿ ನಿಲ್ಲಿಸಿದೆ. ಒಂದು ಕಡೆ ಟಿವಿಯ ರಮ್ಯಾ, ಅದರ ಪಕ್ಕದಲ್ಲಿ ಈ ರಮ್ಯಾ. ಬೆಳಕನ್ನು ಇಷ್ಟಿಷ್ಟೇ ಇಳಿಸುತ್ತಾ ಬಂದೆ. ಸೀರೆ ಬಾಳೆಹಣ್ಣಿನ ಬಣ್ಣ ದಾಟಿತು, ಅರಿಶಿಣ ದಾಟಿತು, ಗಟ್ಟಿಯಾಗುತ್ತಾ ಹೋಯಿತು. ಬೀಳುತ್ತಿದ್ದ ಅಕ್ಷತೆ ಹಳದಿಯಾಯಿತು. ಮುನಿಯಪ್ಪ ಭಾವ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯಿಂದ ಹಿಂದಿನ ಬೆಳೆಯ ಒಂದು ಒಣಗೂಡನ್ನು ಬಿಡಿಸಿ ತಂದು ಟಿವಿಯಲ್ಲಿನ ಸೀರೆಗೆ ಹಿಡಿದ. ಗೂಡೂ ಅದೇ, ಹೆಗಲ ಮೇಲಿನ ಸೆರಗೂ ಅದೇ, ಮಣೆಯ ಮೇಲೆ ಕೂತವಳು ಉಟ್ಟದ್ದೂ ಅದೇ. ಮರೂನ್ ಅಂಚಿನ ಸಣ್ಣ ಹೂವು ಕೂಡ ಈಗ ಕಂಡಿತು.

"ನಂದೇ" ಎಂದಳು ಅಂಬುಜಕ್ಕ. "ನಂದೇ ಸೀರೆ. ಉಟ್ಟವ್ಳೆ."

ಚೆಲುವಯ್ಯ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡರು. ಅಲ್ಲಿಗೇ ನಿಂತಿದ್ದರೆ ನಾನು ಚೀಲ ತೆಗೆದುಕೊಂಡು ಹೊರಟುಬಿಡುತ್ತಿದ್ದೆ. ಅಂಬುಜಕ್ಕ ನಿಲ್ಲುವವಳಲ್ಲವಲ್ಲ. ಕಣ್ಣು ಕಿರಿದು ಮಾಡಿಕೊಂಡು ಇನ್ನೊಂದು ಸಲ ನೋಡಿದಳು.

"ಅಯ್ಯೋ, ಹುಡ್ಗಿ ಮುಖ ಯಾಕ್ಲಾ ಹಿಂಗ್ ಕಪ್ಪಾಗೋಯ್ತು? ಮೊದ್ಲು ಎಷ್ಟ್ ಚೆಂದಾಗಿ ಕಾಣೋಳು! ಲೇ ಸ್ವಾಮಿ, ಸೀರೆ ಹಿಂಗೇ ಇರ್ಲಿ. ಮುಖ ಮಾತ್ರ ಅವತ್ತಿನಂಗೆ ಮಾಡು."

ಟಿವಿಯ ಪಕ್ಕದಲ್ಲಿ ಅದೇ ಮುಖ ಹೊತ್ತುಕೊಂಡು ಅದೇ ಹುಡುಗಿ ನಿಂತಿದ್ದಳು. ಒಂದು ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದು ಅಂಬುಜಕ್ಕನ ಕಣ್ಣಿಗೆ ಬೀಳಲೇ ಇಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ರಿಮೋಟನ್ನು ಚಾಪೆಯ ಮೇಲೆ ಕುಕ್ಕಿದೆ.

"ಮುಖಕ್ಕೊಂದು ಸೀರೆಗೊಂದು ಗುಂಡಿ ಇಟ್ಟಿಲ್ಲ ಕಣಕ್ಕ ಇದ್ರಲ್ಲಿ!"

ಕಿಟಕಿಯ ಹೊರಗಿಂದ ಸುಹೇಲ್, ಪಾಪ, ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯದೆ, ಗಿರಾಕಿಗೆ ಹೇಳುವಂತೆ ಹೇಳಿಬಿಟ್ಟ.

"ಅಂಬುಜಮ್ಮ, ನೀವೇ ಹೇಳಿದ್ರಲ್ಲ, ಹುಡ್ಗಿ ಒಸಿ ಕಪ್ಪು, ವಿಡಿಯೋದಲ್ಲಿ ಬೆಳ್ಳಗೆ ಮಾಡ್ಕೊಡಪ್ಪಾ ಅಂತ? ಅದಕ್ಕೇ ಮುಖದ ಬಣ್ಣ ಎತ್ತಿದ್ದೆ. ಮುಖದ ಬಣ್ಣ, ಈ ಸೀರೆ ಬಣ್ಣ ಎರಡೂ ಕಂಪ್ಯೂಟರ್‌ಗೆ ಒಂದೇ ಹಳ್ದಿ ಕಡೇವು. ಅದನ್ನೆತ್ತಿದ್ರೆ ಇದೂ ಎದ್ ಬತ್ತದೆ. ಸೀರೆ ತೆಳ್ಳಗಾಗಿದ್ದು ಅದಕ್ಕೇ. ಟಿವಿ ಮೇಲೆ ಯಾಕ್ ಹಾಕ್ತೀರಾ?"

ಹುಳು ಸೊಪ್ಪು ಮೇಯುವ ಸದ್ದು ಪರದೆಯ ಆಚೆಯಿಂದ ಕೇಳಿಸಿತು. ಸೊಸೆ ತನ್ನ ಸೀರೆಯನ್ನು ಉಡಲಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಳು ಅಂಬುಜಕ್ಕ. ಆ ಸೀರೆಯ ಬಣ್ಣ ತೊಳೆದು ಹಾಕಿಸಿದ್ದು ಅವಳ ಮಾತೇ. ಅದು ಅವಳಿಗೆ ತಿಳಿಯಿತು. ತಿಳಿದದ್ದು ಅವಳ ಮುಖದಲ್ಲಿ ಕಂಡಿತು.

ರಮ್ಯಾ ತಿರುಗಿ ಟಿವಿಯಲ್ಲಿದ್ದ ತನ್ನ ಮುಖವನ್ನು ನೋಡಿದಳು. ನಾನು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಅತ್ತೆ, ಸೀರೆ ನಿಮ್ದು, ಮುಖ ನಂದು. ಎರಡೂ ಒಟ್ಟಿಗೇ ಬತ್ತವಂತೆ, ಬೇರೆ ಮಾಡಕ್ಕಾಗಲ್ವಂತೆ. ಹೆಂಗಿರ್ಬೇಕು ಅಂತ ನೀವೇ ಹೇಳಿ. ಸ್ವಾಮಣ್ಣ ಹಂಗೇ ಇಟ್ಟೋಗ್ತಾರೆ."

ಅಂಬುಜಕ್ಕ ಸೀರೆಯನ್ನು ನೋಡಿದಳು. ಆಮೇಲೆ, ಮದುವೆಯಾದಾಗಿನಿಂದ ಮೊದಲ ಸಲವೇನೋ ಎನ್ನುವಂತೆ, ಅದನ್ನು ಹೊದ್ದವಳನ್ನು ನೋಡಿದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಗೆ ಬಂದು ನನಗೆ ಗೊತ್ತಿಲ್ಲ, ಅವತ್ತೂ ಬರಲಿಲ್ಲ. ರಿಮೋಟನ್ನು ಎತ್ತಿ ಗೋಡೆಗೂಡಿನಲ್ಲಿಟ್ಟಳು. ಹುಳುಮನೆಯ ಬಾಗಿಲಿಗೆ ಹೋಗಿ, ಪರದೆ ಸರಿಸಿ, ಬೆನ್ನು ತಿರುಗಿಸಿಕೊಂಡೇ ನಿಂತಳು.

"ಸೊಪ್ಪಾಕೋ ಹೊತ್ತಾಯ್ತು. ಕೈಕಾಲ್ ತೊಳ್ಕೊಂಡ್ ಒಳೀಕ್ ಬಾ ಕಣವ್ವ."

ಬಾಲರಾಜುವಿನ ಬೆರಳು ಬಾಯಿಂದ ಕೆಳಗೆ ಬಂತು. ರಮ್ಯಾ ಅಲ್ಲಾಡಲಿಲ್ಲ. ಸೀರೆಯನ್ನು ಹೆಗಲಿಂದ ತೆಗೆದು ಮಡಿಸತೊಡಗಿದಳು.

"ಬತ್ತೀನಿ ಅತ್ತೆ. ಮೊದ್ಲು ನಮ್ಮಪ್ಪಂಗೆ ಕಾಫಿ ಕೊಡಿ. ಬಂದಾಗಿಂದ ನೀರೂ ಕುಡ್ದಿಲ್ಲ ಅವ್ರು."

ಆ ಮನೆಯಲ್ಲಿ ಅಂಬುಜಕ್ಕನಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದು ನಿಂತೆ. ಅಂಬುಜಕ್ಕ ಪರದೆ ಬಿಟ್ಟು ಅಡುಗೆಮನೆಗೆ ಹೋದಳು. ತಾನೇ ಕಾಫಿ ಮಾಡಿ ತಂದು ಚೆಲುವಯ್ಯನವರ ಕೈಗೆ ಕೊಟ್ಟು, "ತಗೋಳಿ ಅಣ್ಣ, ತಡವಾಯ್ತು" ಅಂದಳು. ಕಿಟಕಿಯಿಂದ ಸುಹೇಲನಿಗೂ ಒಂದು ಲೋಟ ಹೋಯಿತು. ನನಗೆ ಕೊಡುವುದನ್ನು ಮರೆತಳು. ಇಷ್ಟು ಹೊತ್ತು ಗುಂಡಿ ಒತ್ತಿ ಬೆರಳು ನೋಯಿಸಿಕೊಂಡವನು ನಾನು.

ಆ ಟಿವಿ ಇವತ್ತಿಗೂ ಅವತ್ತು ನಿಲ್ಲಿಸಿದ ಬಣ್ಣದಲ್ಲೇ ಇದೆ. ಕ್ರಿಕೆಟ್ ಮೈದಾನ ಒಣಗಿದ ಹಾಗೆ ಕಾಣುತ್ತದೆ ಎಂದು ಬಾಲರಾಜು ಗೊಣಗುತ್ತಾನೆ. ಧಾರಾವಾಹಿಯ ಹೆಂಗಸರೆಲ್ಲ ನಮ್ಮೂರಿನವರ ಹಾಗೆ ಕಾಣುತ್ತಾರೆ. ಮುನಿಯಪ್ಪ ಭಾವನಿಗೆ ಮಾತ್ರ ಬಹಳ ಇಷ್ಟ, ಕಣ್ಣಿಗೆ ತಂಪಾಗೈತೆ ಅನ್ನುತ್ತಾನೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ದೊಡ್ಡಆಲಹಳ್ಳಿಯ ತಂಗಿ ಬಂದಳು. ಮದುವೆ ವಿಡಿಯೋ ಮತ್ತೆ ಹಾಕಿಸಿದಳು, ಮತ್ತೆ ಬಾಯಿಬಿಟ್ಟಳು. "ಇದೇನ್ ಅಕ್ಕಯ್ಯ, ಅವತ್ತು ಹುಡ್ಗಿ ಎಷ್ಟ್ ಬೆಳ್ಳಗಿದ್ಲು! ಟಿವಿ ಕೆಟ್ಟೋಯ್ತಾ? ಆ ಸ್ವಾಮಿನ ಕರ್ಸಿ ಸರಿ ಮಾಡ್ಸು." ಅಕ್ಕ ಕರೆಸಲಿಲ್ಲ, ತಂಗಿಯೇ ನನಗೆ ಫೋನು ಮಾಡಿದಳು. ಬೈದುಕೊಂಡೇ ಹೋದೆ. ಇವರಿಗೆ ಉತ್ತರ ಹೇಳಿ ಜಗಳಕ್ಕೆ ಬೀಳುವುದಕ್ಕಿಂತ ವಿವಿಡ್‌ಗೆ ಹಾಕಿ ಕೈತೊಳೆದುಕೊಳ್ಳುವುದೇ ಲೇಸು ಎಂದು ಗೋಡೆಗೂಡಿನಿಂದ ರಿಮೋಟ್ ತೆಗೆದೆ.

ಹುಳುಮನೆಯ ಪರದೆ ಸರಿಯಿತು. ಅಂಬುಜಕ್ಕ ಹೊಸಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಸೊಪ್ಪಿನ ಕುಕ್ಕೆ ಹಿಡಿದ ರಮ್ಯಾ.

"ಅದ್ನ ಇಡ್ಲಾ ಕೆಳ್ಗೆ" ಎಂದಳು ಅಂಬುಜಕ್ಕ. ಆಮೇಲೆ ತಂಗಿಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. "ಟಿವಿಗೇನೂ ಆಗಿಲ್ಲ. ನನ್ ಸೊಸೆ ಇರೋದೇ ಹಂಗೆ. ನಿನ್ ಕಣ್ಣೇನ್ ತೂತ್ ಬಿದ್ದೋಗೈತೇನೇ?"

ರಮ್ಯಾ ಕುಕ್ಕೆ ಕೆಳಗಿಟ್ಟು ಬಂದು, ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಗೋಡೆಗೂಡಿನಲ್ಲಿಟ್ಟಳು. ಕಾಫಿ ಕುಡಿದು ಹೋಗಿ ಸ್ವಾಮಣ್ಣ ಅಂದಳು.